ಹಗಲು ಪಾಳಿಯ ಸೂರ್ಯ

ನಮ್ಮ ಆಂಟೆನಾ ನೋಡಿದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದರಲ್ಲಿ ಎಷ್ಟು ಚಾನೆಲ್ ಬರುತ್ತವೆ? ಕುರುಗೋಡಿನ ಗುಡ್ಡದ ಹಿಂದಿನ ಹೊಲವೊಂದರಲ್ಲಿ, ಹನ್ನೆರಡು ಅಡಿ ಕಬ್ಬಿಣದ ಪೈಪಿನ ಮೇಲೆ, ಮೀನಿನ ಮುಳ್ಳಿನ ಹಾಗೆ ಅಲ್ಯೂಮಿನಿಯಂ ಕಡ್ಡಿಗಳನ್ನು ಚಾಚಿಕೊಂಡು ಅದು ಸೂರ್ಯನ ಕಡೆ ಮುಖ ಮಾಡಿ ನಿಂತಿರುತ್ತಿತ್ತು. ಚಾನೆಲ್ ಬರುವುದಿಲ್ಲ, ಸೂರ್ಯನ ಸದ್ದು ಬರುತ್ತದೆ ಎಂದರೆ ಕೇಳಿದವರು ನನ್ನನ್ನೊಮ್ಮೆ, ಸೂರ್ಯನನ್ನೊಮ್ಮೆ ನೋಡಿ, ಪಾಪ, ಓದಿ ಓದಿ ಹೀಗಾಗಿದೆ ಎಂಬಂತೆ ಮುಂದೆ ಹೋಗುತ್ತಿದ್ದರು.

ನನ್ನ ಪಿಎಚ್‌ಡಿ ವಿಷಯ ಸೂರ್ಯನ ರೇಡಿಯೊ ಸ್ಫೋಟಗಳು. ಸೂರ್ಯನಲ್ಲಿ ಸಿಡಿತವಾದಾಗ ಬೆಳಕಿನ ಜೊತೆ ರೇಡಿಯೊ ಅಲೆಗಳೂ ಹೊರಡುತ್ತವೆ. ಅವನ್ನು ಹಿಡಿಯಲು ಬೆಟ್ಟದ ಮೇಲಿನ ದೊಡ್ಡ ದೂರದರ್ಶಕ ಬೇಕಿಲ್ಲ, ನಿದ್ದೆಗೆಡಬೇಕಿಲ್ಲ. ಒಂದು ಆಂಟೆನಾ, ಒಂದು ರಿಸೀವರ್ ಡಬ್ಬಿ, ಒಂದು ಹಳೆಯ ಲ್ಯಾಪ್‌ಟಾಪ್ ಇದ್ದರೆ ಹಗಲಿಡೀ ಪರದೆಯ ಮೇಲೆ ಗೆರೆಗಳು ಮೂಡುತ್ತಿರುತ್ತವೆ. ಖಗೋಳ ವಿಜ್ಞಾನಕ್ಕೆ ಬಡವರ ಬಾಗಿಲು ಅಂತ ಒಂದಿದ್ದರೆ ಅದು ಇದೇ. ಬಳ್ಳಾರಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳುತ್ತ, ಅಲ್ಲೇ ಗಾಂಧಿನಗರದ ಒಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ಸಂಶೋಧನೆ ಮಾಡುತ್ತಿದ್ದ ನನಗೆ ಬೇರೆ ಬಾಗಿಲು ಇರಲೂ ಇಲ್ಲ.

ಮೊದಲು ಆಂಟೆನಾ ಕೂರಿಸಿದ್ದು ಕಾಲೇಜಿನ ಮಾಳಿಗೆಯ ಮೇಲೆ. ಎಫ್‌ಎಂ, ಮೊಬೈಲ್ ಟವರು, ಪೊಲೀಸರ ವಾಕಿಟಾಕಿ ಎಲ್ಲ ಬಂತು, ಸೂರ್ಯ ಮಾತ್ರ ಬರಲಿಲ್ಲ. ಐದು ತಿಂಗಳು ಅಲ್ಲೇ ಹೋಯಿತು. ಕೊನೆಗೆ ನನ್ನ ಮಾರ್ಗದರ್ಶಕರೇ ಕುರುಗೋಡಿನ ಕಡೆ ಹೋಗೋಣ ಎಂದರು. ಊರಿನ ಗದ್ದಲಕ್ಕೆ ಅಲ್ಲಿನ ಕಲ್ಲುಗುಡ್ಡ ಅಡ್ಡ ನಿಲ್ಲುತ್ತದೆ ಎಂಬುದು ಅವರ ಲೆಕ್ಕ, ಅದು ನಿಜವೂ ಆಯಿತು. ಅವರ ಹಳೆಯ ವಿದ್ಯಾರ್ಥಿಯೊಬ್ಬನ ಸಂಬಂಧಿಕಳ ಹೊಲ ಸಿಕ್ಕಿತು. ಗಂಡ ತೀರಿಕೊಂಡ ಮೇಲೆ ಬೋರ್‌ವೆಲ್ಲಿನ ನೀರಲ್ಲಿ ಮೆಣಸಿನಕಾಯಿ, ಬೇಸಿಗೆ ಶೇಂಗಾ ಬೆಳೆದು ಸಂಸಾರ ನಡೆಸುತ್ತಿದ್ದ ಹೆಂಗಸು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ಆಕೆ ನನ್ನನ್ನು ಮೇಡಮ್ಮ ಎನ್ನುತ್ತಿದ್ದಳು. ಗೊಬ್ಬರದ ಚೀಲ ಇಡುವ ಕೋಣೆಯಲ್ಲಿ ನಮ್ಮ ಡಬ್ಬಿ, ಲ್ಯಾಪ್‌ಟಾಪುಗಳಿಗೆ ಜಾಗ ಕೊಟ್ಟಳು. ಕರೆಂಟಿನ ಭರವಸೆ ಇಲ್ಲದ್ದರಿಂದ ಎಲ್ಲವನ್ನೂ ಸೋಲಾರ್ ಪ್ಲೇಟು, ಬ್ಯಾಟರಿಯ ಮೇಲೆ ನಡೆಸಿದೆವು.

ನನಗೆ ವಾರಕ್ಕೆ ಎರಡೇ ಸಲ ಹೋಗಲು ಆಗುತ್ತಿತ್ತು. ಉಳಿದ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಶುರು ಮಾಡಿ ಸಂಜೆ ನಿಲ್ಲಿಸುವುದು ಅಕ್ಕನ ಕೆಲಸ. ಏಳನೆಯವರೆಗೆ ಓದಿದವಳು, ಅಕ್ಷರ ದುಂಡಗೆ. ಅವಳಿಗೊಂದು ಉದ್ದನೆಯ ನೋಟ್‌ಬುಕ್ ಕೊಟ್ಟು ಮೂರು ಕಾಲಂ ಗೆರೆ ಹೊಡೆದುಕೊಟ್ಟಿದ್ದೆ. ಶುರುವಾದ ಹೊತ್ತು, ನಿಂತ ಹೊತ್ತು, ಮೋಡ ಅಥವಾ ಗುಡುಗು. ದಸರೆಗೆ ಶುರುವಾದ ಈ ದಿನಚರಿಯಲ್ಲಿ ಒಂದು ವಾರ ಕಳೆಯುವುದರೊಳಗೆ ಅಂಚಿನಲ್ಲಿ ನಾಲ್ಕನೆಯದೊಂದು ಬರಹ ಕಾಣಿಸಿಕೊಂಡಿತು. 'ಕ. 6.40 ರಿಂದ 1.30.' ಕೇಳಿದರೆ, ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಂದು ಹೋದ ಹೊತ್ತು ಎಂದಳು.

"ಇದ್ಯಾಕ ಬರೀತೀ ಅಕ್ಕ? ನಮ್ಮ ಡಬ್ಬಿ ನಡಿಯೋದು ಬ್ಯಾಟರಿ ಮ್ಯಾಲೆ. ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ."

"ಇಲ್ರೀ ಮೇಡಮ್ಮ, ಕರೆಂಟ್ ಬಂದಾಗ ಪರದಿ ಮ್ಯಾಲ ಗೆರಿ ಜಾಸ್ತಿ ಬೀಳ್ತಾವು ಅನಸತೈತ್ರಿ ನನಗ. ಅದಕ್ಕ ಬರದೀನಿ."

"ಅದು ಸೂರ್ಯ ಏರಿದಂಗ ಜಾಸ್ತಿ ಆಗೋದು," ಎಂದೆ. ನಕ್ಕೆ ಕೂಡ. ಎರಡು ತಿಂಗಳಾದರೂ ಅವಳು ಬಿಡದೆ ಬರೆಯುತ್ತಲೇ ಇದ್ದಾಗ, ನೋಟ್‌ಬುಕ್ ನಾಳೆ ಪರೀಕ್ಷಕರು ನೋಡುವಂಥದ್ದು, ಅಂಚಿನಲ್ಲಿ ಗೀಚಬಾರದು ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಅವಳು ತಪ್ಪಾತ್ರಿ ಎಂದಳು. ಮರುದಿನದಿಂದ ಅಂಚು ಬಿಳಿಯಾಗಿ ಉಳಿಯಿತು.

ಇಲ್ಲಿ ಸ್ವಲ್ಪ ಕೆಲಸದ ಮಾತು ಹೇಳಬೇಕು. ಸೂರ್ಯನ ನಿಜವಾದ ಸ್ಫೋಟ ಪರದೆಯ ಮೇಲೆ ಓರೆಗೆರೆಯಾಗಿ ಬೀಳುತ್ತದೆ. ಮೊದಲು ಮೇಲಿನ ಕಂಪನಾಂಕದಲ್ಲಿ, ಕೆಲವೇ ಸೆಕೆಂಡಿನಲ್ಲಿ ಕೆಳಗಿನದರಲ್ಲಿ. ನೆಲದ ಮೇಲಿನ ಕಿಡಿಯೋ ಕಾಟವೋ ಆದರೆ ಎಲ್ಲ ಕಂಪನಾಂಕದಲ್ಲೂ ಒಮ್ಮೆಲೇ, ನೆಟ್ಟಗೆ. ದೊಡ್ಡ ಸ್ಫೋಟಗಳಲ್ಲಿ ಈ ವ್ಯತ್ಯಾಸ ಕುರುಡನಿಗೂ ಕಾಣುತ್ತದೆ. ನನ್ನ ಆಸೆ ಇದ್ದದ್ದು ಸಣ್ಣ, ಮಸುಕಾದ ಗೆರೆಗಳ ಮೇಲೆ. ಅವು ದಿನಕ್ಕೆ ನೂರಾರು ಬೀಳುತ್ತಿದ್ದವು. ಓರೆಯೋ ನೆಟ್ಟಗೋ ಹೇಳುವುದು ಕಷ್ಟ. ಒಂದೊಂದನ್ನೂ ಹಿಗ್ಗಿಸಿ ಕಣ್ಣಿನಿಂದ ನೋಡಿಯೇ ಎಣಿಸಬೇಕೆಂದು ಮಾರ್ಗದರ್ಶಕ ಸರ್ ಹೇಳಿದ್ದರು. ಮೊದಲ ನೂರು ಹಾಗೆಯೇ ನೋಡಿದೆ. ಆಮೇಲೆ ಬೇಸರ ಬಂತು. ಸದ್ದು ಇಷ್ಟಕ್ಕಿಂತ ಏರಿದ್ದನ್ನೆಲ್ಲ, ಓರೆಯೋ ನೆಟ್ಟಗೋ ನೋಡದೆ, ಸ್ಫೋಟವೆಂದು ಲೆಕ್ಕ ಹಾಕು ಎಂದು ಒಂದು ಪ್ರೋಗ್ರಾಂ ಬರೆದು ಅದಕ್ಕೆ ಒಪ್ಪಿಸಿದೆ. ಸರ್‌ಗೆ ಹೇಳಿದ್ದು, ಒಂದಿಷ್ಟು ಕಣ್ಣಿಂದ, ಒಂದಿಷ್ಟು ಪ್ರೋಗ್ರಾಮಿನಿಂದ ಎಂದು. ಸುಳ್ಳೇನಲ್ಲ.

ಆರು ತಿಂಗಳ ಎಣಿಕೆ ಹಾಕಿ, ನಂಬದೆ ಇನ್ನೊಮ್ಮೆ ಹಾಕಿದೆ. ಸಣ್ಣ ಸ್ಫೋಟಗಳ ಸಂಖ್ಯೆ ಏರಿ ಇಳಿಯುತ್ತಿತ್ತು, ಅದೂ ಕ್ರಮವಾಗಿ, ಸುಮಾರು ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ. ನಮಗೆ ಕಾಣುವಂತೆ ಸೂರ್ಯ ತನ್ನ ಸುತ್ತ ತಾನು ತಿರುಗಲು ಸುಮಾರು ಇಪ್ಪತ್ತೇಳು ದಿನ ಬೇಕು. ಸೂರ್ಯನ ಎದುರು ಬದುರು ಎರಡು ಮಗ್ಗುಲಲ್ಲಿ ಎರಡು ಚುರುಕಾದ ಜಾಗಗಳಿದ್ದರೆ ಅವುಗಳಲ್ಲಿ ಒಂದು ಹದಿಮೂರೂವರೆ ದಿನಕ್ಕೊಮ್ಮೆ ನಮ್ಮ ಕಡೆ ಮುಖ ಮಾಡುತ್ತದೆ. ಪುಸ್ತಕದಲ್ಲಿ ಓದಿದ್ದು ನನ್ನ ಕೈಯಲ್ಲಿ ಬಂದು ಕೂತಿತ್ತು. ಅದೂ ಮೆಣಸಿನಕಾಯಿ ಹೊಲದಿಂದ.

ಸರ್‌ಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಚಲೋ ಐತಿ. ಬಾಳ ಚಲೋ ಐತಿ. ಆದ್ರ ಇನ್ನೊಂದು ವರ್ಷದ ಡೇಟಾ ಇದ್ದಿದ್ರ, ಇದು ಹದಿಮೂರೂವರೆನೋ ಹದಿನಾಕೋ ಅಂತ ಗ್ಯಾರಂಟಿ ಹೇಳಬಹುದಿತ್ತಮ್ಮಾ."

"ವರ್ಷ ಎಲ್ಲೈತಿ ಸರ್?" ಎಂದೆ ನಾನು.

ನಿಜಕ್ಕೂ ಇರಲಿಲ್ಲ. ಏಪ್ರಿಲ್ ಕೊನೆಗೆ ಅವರು ನಿವೃತ್ತರಾಗುವವರಿದ್ದರು. ನಾನು ಅವರ ಕೊನೆಯ ವಿದ್ಯಾರ್ಥಿನಿ. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಹೊಸ ಮಾರ್ಗದರ್ಶಕರು, ಹೊಸ ಅರ್ಜಿ, ಮತ್ತೆ ಮೊದಲಿನಿಂದ ಪುರಾಣ. ಒಮ್ಮೆ ಅವಧಿ ವಿಸ್ತರಣೆ ಕೇಳಿ ಪಡೆದಾಗಿತ್ತು. ಸಿರುಗುಪ್ಪದಲ್ಲಿ ರೈಸ್ ಮಿಲ್ಲಿನ ಫಿಟ್ಟರ್ ಆಗಿರುವ ನಮ್ಮಪ್ಪ, ಮಗಳು ಇನ್ನೇನು ಡಾಕ್ಟರ್ ಆಗ್ತಾಳೆ, ಸೂಜಿ ಚುಚ್ಚೋ ಡಾಕ್ಟರ್ ಅಲ್ಲ ಎಂದು ಮಿಲ್ಲಿನಲ್ಲಿ ಎಲ್ಲರಿಗೂ ವಿವರಿಸಿ ಹೇಳಿ ಮುಗಿಸಿದ್ದರು. ಸರ್ ಒಪ್ಪಿದರು. ಅಷ್ಟೇ ಅಲ್ಲ, ಮಾರ್ಚ್ ಕೊನೆಯ ಶನಿವಾರ ಕಾಲೇಜಿನಲ್ಲಿ ಏರ್ಪಟ್ಟಿದ್ದ ಅವರ ಬೀಳ್ಕೊಡುಗೆ ಉಪನ್ಯಾಸಕ್ಕೆ ಇದನ್ನೇ ವಿಷಯವಾಗಿ ಇಟ್ಟುಕೊಂಡರು.

ಉಪನ್ಯಾಸದ ಹಿಂದಿನ ದಿನ, ಶುಕ್ರವಾರ, ಆಂಟೆನಾದ ನಾಲ್ಕು ಫೋಟೊ ತೆಗೆದುಕೊಂಡು ಬರಲು ಕುರುಗೋಡಿಗೆ ಹೋದೆ. ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ತಿರುವಿ ಹಾಕುತ್ತಿದ್ದಳು. ನೀರು ಕೊಟ್ಟು, ಪಕ್ಕದಲ್ಲಿ ಕೂತು ಗೊಣಗಿದಳು.

"ನಾಳೆ ನಾಡದ್ದು ಎಲ್ಡು ದಿನ ಅಷ್ಟರೀ. ಸೋಮವಾರದಿಂದ ರಾತ್ರಿ ಪಾಳಿ. ಶೇಂಗಾಕ್ಕ ನೀರು ಬಿಡಾಕ ರಾತ್ರಿಯೆಲ್ಲ ಹೊಲದಾಗ ಕುಂಡ್ರಬೇಕು."

"ಯಾವ ಪಾಳಿ?"

"ಕರೆಂಟಿಂದ್ರೀ. ಒಂದು ವಾರ ಹಗಲಿ ಕೊಡ್ತಾರ, ಒಂದು ವಾರ ರಾತ್ರಿ. ನೀವು ಸಿರುಗುಪ್ಪದೋರು, ಕಾಲುವಿ ನೀರಿನ ಮಂದಿ. ನಿಮಗೇನು ಗೊತ್ತಾಗಬೇಕು ನಮ್ಮ ಮೋಟರಿನ ಗೋಳು."

ಒಂದು ವಾರ ಹಗಲು, ಒಂದು ವಾರ ರಾತ್ರಿ. ಕೂಡಿದರೆ ಹದಿನಾಲ್ಕು ದಿನ. ಲೋಟ ಕೆಳಗಿಟ್ಟೆ.

ಅವಳು ಹೇಳಿದ್ದು ಸರಿ. ನಮ್ಮೂರಿನ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ಕಾಲುವೆ ನೀರು ಬರುತ್ತದೆ. ನೀರಿಗಾಗಿ ತೂಬಿನ ಹತ್ತಿರ ಜಗಳ ಆಡಿದವರನ್ನು ನೋಡಿ ಬೆಳೆದಿದ್ದೇನೆ, ಕರೆಂಟಿಗಾಗಿ ಕಾದವರನ್ನು ನೋಡಿಲ್ಲ. ಬಳ್ಳಾರಿಯ ಕೋಣೆಯಲ್ಲಿ ಸ್ವಿಚ್ ಒತ್ತಿದರೆ ದೀಪ ಹತ್ತುತ್ತಿತ್ತು. ಬೋರ್‌ವೆಲ್ ನೀರಿನಲ್ಲಿ ಬೆಳೆದ ಯಾವ ಮಗುವಿಗಾದರೂ ಗೊತ್ತಿರುವ ಲೆಕ್ಕ ನನಗೆ ಗೊತ್ತಿರಲಿಲ್ಲ.

ಅಕ್ಕನ ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ನೋಟ್‌ಬುಕ್ಕಿನಲ್ಲಿ ಬರೆಯಬೇಡ ಎಂದ ಮೇಲೆ ಅವಳು ತನ್ನ ಅನುಕೂಲಕ್ಕೆ ಅದರ ಮೇಲೆ ಹಗಲು ಪಾಳಿಯ ವಾರಕ್ಕೆ 'ಹ' ಎಂದೂ ರಾತ್ರಿ ಪಾಳಿಯದಕ್ಕೆ 'ರಾ' ಎಂದೂ ಬರೆದಿಟ್ಟಿದ್ದಳು. ಚೀಲದಿಂದ ನನ್ನ ನಕ್ಷೆ ತೆಗೆದೆ. ಹಿಂದಿನ ತಿಂಗಳ ಹಾಳೆಗಳನ್ನು ಒಂದೊಂದಾಗಿ ಎತ್ತಿ ಹೋಲಿಸಿದೆ. ನನ್ನ ಸೂರ್ಯ ಚುರುಕಾಗುತ್ತಿದ್ದದ್ದು 'ಹ' ವಾರದಲ್ಲಿ. ಮಂಕಾಗುತ್ತಿದ್ದದ್ದು 'ರಾ' ವಾರದಲ್ಲಿ. ಒಂದು ವಾರವೂ ತಪ್ಪಿರಲಿಲ್ಲ.

"ಏನಾತ್ರೀ ಮೇಡಮ್ಮ?" ಎಂದಳು ಅಕ್ಕ.

"ಏನಿಲ್ಲ," ಎಂದೆ.

ಆ ದಿನ ಸಂಜೆ ಬಸ್ಸಿನಲ್ಲಿ ಕೂತು ಫೋನ್ ಕೈಗೆತ್ತಿಕೊಂಡು, ಸರ್ ಹೆಸರು ಹುಡುಕಿ, ಮತ್ತೆ ಒಳಗಿಟ್ಟೆ. ಒಂದು ಕ್ಯಾಲೆಂಡರ್ ಪುರಾವೆ ಆಗುತ್ತದೆಯೇ? ಕಾಕತಾಳೀಯವೂ ಇರಬಹುದಲ್ಲ? ವಿಜ್ಞಾನ ಎಂದರೆ ಪರೀಕ್ಷೆ ಮಾಡಿ ಹೇಳುವುದು, ಭಾನುವಾರ ಪರೀಕ್ಷೆ ಮಾಡೋಣ, ಆಮೇಲೆ ಹೇಳೋಣ. ಇಷ್ಟು ದಿನ ಇಲ್ಲದ ವಿಜ್ಞಾನದ ಭಕ್ತಿ ಆ ಬಸ್ಸಿನಲ್ಲಿ ನನಗೆ ಉಕ್ಕಿ ಬಂತು. ಒಳಗೊಳಗೆ ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಫೋನ್ ಮಾಡಲಿಲ್ಲ.

ಶನಿವಾರ ಸಭಾಂಗಣ ತುಂಬಿತ್ತು. ಸರ್ ಹೊಸ ಅಂಗಿ ಹಾಕಿದ್ದರು, ಅವರ ಮನೆಯವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಮೂವತ್ತು ವರ್ಷ ಪಾಠ ಹೇಳಿದವರು, ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಮಾತಾಡಿದರು. ನನ್ನ ನಕ್ಷೆ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಬಿತ್ತು. "ನಮ್ಮ ಸಿರುಗುಪ್ಪದ ಹುಡುಗಿ, ನಮ್ಮ ಕುರುಗೋಡಿನ ಹೊಲದಾಗ ಕುಂತು, ಸೂರ್ಯನ ಎಲ್ಡೂ ಮಗ್ಗುಲು ನೋಡ್ಯಾಳ," ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಮೂರನೆಯ ಸಾಲಿನಲ್ಲಿ ಕೈಬೆರಳು ಹಿಸುಕಿಕೊಳ್ಳುತ್ತ ಕೂತಿದ್ದೆ.

ಕೊನೆಗೆ ಪ್ರಶ್ನೆಗಳು. ಹಿಂದಿನಿಂದ ಒಬ್ಬರು, ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರ್ ಎಂದು ಪರಿಚಯ ಹೇಳಿಕೊಂಡು, ಎದ್ದು ನಿಂತರು.

"ಸರ್, ಹೊಲ ಅಂದ್ಮ್ಯಾಲೆ ಸುತ್ತ ಪಂಪ್‌ಸೆಟ್ ಇರ್ತಾವು. ಸ್ಟಾರ್ಟರ್ ಕಿಡಿ ಬಿಟ್ಟಾಗ ರೇಡಿಯೊದಾಗ ಗರಗರ ಬರ್ತೈತಿ. ಅದೇನರ ಸೇರಿಕೊಂಡಿಲ್ಲಂತ ಹೆಂಗ ಹೇಳ್ತೀರಿ?"

ಸರ್ ನಗುತ್ತ ನನ್ನ ಕಡೆ ತಿರುಗಿದರು. "ಒಳ್ಳೆ ಪ್ರಶ್ನೆ. ಅದನ್ನ ನೋಡೀವಲ್ಲಮ್ಮಾ?"

ಇಡೀ ಸಭೆ ನನ್ನನ್ನು ನೋಡಿತು. ನಾನು ಎದ್ದು, "ನಮ್ಮ ರಿಸೀವರ್ ಪೂರಾ ಬ್ಯಾಟರಿ ಮೇಲೆ ನಡೀತದೆ ಸರ್," ಎಂದೆ. ಒಂದಕ್ಷರ ಸುಳ್ಳಿಲ್ಲ. ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ. ಸರ್ ಅದನ್ನೇ ಎತ್ತಿಕೊಂಡು, ನೋಡಿದ್ರಾ, ಕರೆಂಟಿನ ನಂಟೇ ಇಲ್ಲ ಎಂದು ವಿವರಿಸಿದರು. ಎಂಜಿನಿಯರ್ ತಲೆಯಾಡಿಸಿ ಕೂತರು. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕುರುಗೋಡಿಗೆ ಹೋದೆ. ಅಕ್ಕ ಮೋಟರಿನ ಶೆಡ್ಡಿನಲ್ಲಿ ನಿಂತಳು, ನಾನು ಲ್ಯಾಪ್‌ಟಾಪಿನ ಮುಂದೆ. ನಾನು ಕೂಗಿದಾಗ ಅವಳು ಸ್ಟಾರ್ಟರಿನ ಹಸಿರು ಗುಂಡಿ ಒತ್ತುವುದು, ಮತ್ತೆ ಕೂಗಿದಾಗ ಕೆಂಪು. ಹತ್ತು ಸಲ ಒತ್ತಿದಳು, ಹತ್ತು ಗೆರೆ ಬಿದ್ದವು. ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಸಲ ಕರೆಂಟ್ ಹೋಗಿ ಬಂದಾಗ ಸುತ್ತಲಿನ ಹೊಲಗಳ ಆಟೋ ಸ್ಟಾರ್ಟರ್‌ಗಳು ಒಂದರ ಹಿಂದೊಂದು ಹತ್ತಿಕೊಂಡು, ಪರದೆಯ ಮೇಲೆ ಗೆರೆಗಳ ಒಂದು ಗುಂಪೇ ಮೂಡಿತು. ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಇಂಥದೇ ಗುಂಪುಗಳನ್ನು ಸೂರ್ಯನವೆಂದು ತಿಳಿದು ನಾನೊಂದು ಹೆಸರು ಇಟ್ಟಿದ್ದೆ.

ಡೇಟಾವನ್ನು ಹೇಗಾದರೂ ಉಳಿಸಿಕೊಳ್ಳಬಹುದೇ ಎಂದು ನೋಡಿದೆ. ಕರೆಂಟ್ ಇದ್ದ ಹೊತ್ತನ್ನು ತೆಗೆದುಹಾಕಿದರೆ ಉಳಿದದ್ದು ಸೂರ್ಯನದ್ದು. ಅದಕ್ಕೆ ಗಂಟೆ ನಿಮಿಷ ಬೇಕು. ಕ್ಯಾಲೆಂಡರಿನ 'ಹ', 'ರಾ' ಸಾಲದು, ರಾತ್ರಿ ಪಾಳಿಯ ಕರೆಂಟೂ ಒಮ್ಮೊಮ್ಮೆ ಹಗಲಿಗೆ ಜಾರುತ್ತಿತ್ತು. ಮೊದಲ ಎರಡು ತಿಂಗಳಿಗೆ ಅಕ್ಕನ ಅಂಚಿನ ಬರಹ ಇತ್ತು, ಅದನ್ನು ಹಿಡಿದು ಸೋಸಿದಾಗ ಕೈಬೆರಳಲ್ಲಿ ಎಣಿಸುವಷ್ಟು ಸ್ಫೋಟ ಉಳಿದವು, ಎಲ್ಲವೂ ಚೆಂದದ ಓರೆಗೆರೆಗಳು. ಉಳಿದ ನಾಲ್ಕು ತಿಂಗಳ ಅಂಚು ಬಿಳಿ.

"ಆಮ್ಯಾಲಿನದು ಎಲ್ಲೂ ಬರದಿಟ್ಟಿಲ್ಲೇನು ಅಕ್ಕ?" ಎಂದು ಕೇಳಿದೆ.

"ನೀವ ಬ್ಯಾಡಂದ್ರಲ್ರೀ," ಎಂದಳು. ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಸೋಮವಾರ ಬೆಳಿಗ್ಗೆ ಸರ್ ಮನೆಗೆ ಹೋದೆ. ಮೊನ್ನೆಯ ಹಾರಗಳು ಇನ್ನೂ ಕುರ್ಚಿಯ ಮೇಲಿದ್ದವು. ನಕ್ಷೆ, ಕ್ಯಾಲೆಂಡರಿನ ಫೋಟೊ, ಹತ್ತು ಗೆರೆಗಳ ಚಿತ್ರ ಮೂರನ್ನೂ ಅವರ ಮುಂದಿಟ್ಟೆ. ಅವರು ಒಂದೊಂದನ್ನೇ ಎತ್ತಿ ನೋಡಿದರು. ಸಿಟ್ಟಾಗಲಿ ಎಂದು ಕಾಯುತ್ತಿದ್ದೆ. ಅವರು ಸಣ್ಣಗೆ ನಕ್ಕರು.

"ಹದಿನಾಕು. ಹದಿಮೂರೂವರೆ ಅಲ್ಲ." ಕನ್ನಡಕ ತೆಗೆದು ಒರೆಸಿಕೊಂಡು, "ಯಾವಾಗ ಗೊತ್ತಾತಮ್ಮಾ ಇದು?" ಎಂದರು.

"ನಿನ್ನೆ ಸರ್," ಎಂದೆ.

ಹತ್ತು ಸಲ ಗುಂಡಿ ಒತ್ತಿಸಿ ನೋಡಿದ್ದು ನಿನ್ನೆಯೇ ಅಲ್ಲವೇ. ಬ್ಯಾಟರಿಯ ಉತ್ತರದ ಹಾಗೆ ಇದೂ ಸುಳ್ಳಲ್ಲದ ಸುಳ್ಳು. ಒಂದು ಕಲಿತ ಮೇಲೆ ಎರಡನೆಯದು ಸಲೀಸು.

"ಒಳ್ಳೇದಾತು, ತಡ ಮಾಡದ ಬಂದ್ರಿ. ಬ್ಯಾರೇರಾಗಿದ್ರ ಮುಚ್ಚಿಟ್ಟು ಪ್ರಬಂಧ ಕೊಡತಿದ್ರು," ಎಂದರು.

ನಾಲ್ಕನೆಯ ಅಧ್ಯಾಯ ತೆಗೆಯುವುದು ಎಂದು ಆಗಲೇ ನಿರ್ಧಾರವಾಯಿತು. ಅದಿಲ್ಲದೆ ಪ್ರಬಂಧ ನಿಲ್ಲುವುದಿಲ್ಲ, ಹಾಗಾಗಿ ಏಪ್ರಿಲ್ ಮಾತು ಮುಗಿಯಿತು. ಈ ಎಣಿಕೆಯ ಬಗ್ಗೆ ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದ್ದ ಲೇಖನ ಹಿಂದಕ್ಕೆ ಪಡೆದೆವು. ಅದೇ ವಾರ ಸರ್, ಉಪನ್ಯಾಸಕ್ಕೆ ಬಂದಿದ್ದ ಪ್ರತಿಯೊಬ್ಬರಿಗೂ ತಲುಪುವಂತೆ ಒಂದು ಪುಟದ ಪತ್ರ ಬರೆದರು. ಆ ಎಂಜಿನಿಯರ್‌ಗೆ ತಾವೇ ಫೋನ್ ಮಾಡಿ, ನಿಮ್ಮ ಅನುಮಾನ ಸರಿಯಾಗಿತ್ತು ಎಂದರು. ಪತ್ರದಲ್ಲಿ ನನ್ನ ಪ್ರೋಗ್ರಾಮಿನ ಸುದ್ದಿ ಇರಲಿಲ್ಲ. ಪರಿಶೀಲಿಸುವ ಹೊಣೆ ಮಾರ್ಗದರ್ಶಕನಾದ ನನ್ನದು, ನಿವೃತ್ತಿಯ ಆತುರದಲ್ಲಿ ಅದನ್ನು ಮಾಡಲಿಲ್ಲ ಎಂದು ಬರೆದಿದ್ದರು. ಕೊನೆಯ ಸಾಲು ಹೀಗಿತ್ತು: 'ಉಪನ್ಯಾಸದ ಮರುದಿನ ದೋಷ ಗೊತ್ತಾದ ಕೂಡಲೇ ನನ್ನ ವಿದ್ಯಾರ್ಥಿನಿ ಬಂದು ತಿಳಿಸಿದಳು. ಇಂಥ ಪ್ರಾಮಾಣಿಕತೆ ನಾನು ಕಂಡದ್ದು ಕಡಿಮೆ.'

ಪತ್ರ ಹೊರಡುವ ಮುಂಚೆ ಓದಿ ನೋಡ್ರಿ ಎಂದು ನನಗೆ ಕೊಟ್ಟಿದ್ದರು. ನಾನು ಒಂದು ಕಾಗುಣಿತ ತಿದ್ದಿ ಹಿಂದಕ್ಕೆ ಕೊಟ್ಟೆ.

ಆಮೇಲಿನದು ಉದ್ದದ ಕೆಲಸ, ಹೇಳಲು ಹೆಚ್ಚೇನಿಲ್ಲ. ಹೊಸ ಮಾರ್ಗದರ್ಶಕರು ಸಿಕ್ಕರು. ಇನ್ನೊಂದು ದಸರೆಯಿಂದ ಇನ್ನೊಂದು ದಸರೆಯವರೆಗೆ ಮತ್ತೆ ಅಳತೆ. ನೋಟ್‌ಬುಕ್ಕಿನಲ್ಲಿ ಈ ಸಲ ನಾಲ್ಕು ಕಾಲಂ, ಗೆರೆ ಹೊಡೆದವಳು ಅಕ್ಕ. ಒಂದೊಂದು ಗೆರೆಯನ್ನೂ ಕಣ್ಣಿನಿಂದ ನೋಡಿದೆ. ಪ್ರಬಂಧ ಸಣ್ಣದಾಯಿತು, ದೊಡ್ಡ ಮಾತು ಯಾವುದೂ ಅದರಲ್ಲಿಲ್ಲ. ಪಂಪ್‌ಸೆಟ್ ಇರುವ ಊರಿನಲ್ಲಿ ಸೂರ್ಯನನ್ನು ಕೇಳುವಾಗ ಏನೇನು ನೋಡಿಕೊಳ್ಳಬೇಕು ಎಂಬ ಒಂದು ಅಧ್ಯಾಯವಿದೆ. ಜನ ಓದುವುದು ಅದೊಂದನ್ನೇ.

ಮೌಖಿಕ ಪರೀಕ್ಷೆಗೆ ಸರ್ ಬಂದಿದ್ದರು, ಪ್ರೇಕ್ಷಕರಾಗಿ. ಮೊಣಕಾಲು ನೋವು, ಕೋಲು ಹಿಡಿದಿದ್ದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಎಲ್ಲ ಪ್ರಶ್ನೆ ಮುಗಿಸಿ, ಕಡತದಿಂದ ಆ ಹಳೆಯ ಪತ್ರ ತೆಗೆದರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ, "ಮೂರು ವರ್ಷದ ಕೆಲಸ ಕೈಬಿಟ್ಟು ಹೋಗುತ್ತೆ ಅಂತ ಗೊತ್ತಿದ್ದೂ ಮರುದಿನವೇ ಹೋಗಿ ಹೇಳಿದಿರಲ್ಲ, ಒಂದು ಕ್ಷಣವೂ ಅನುಮಾನ ಬರಲಿಲ್ಲವೇ?" ಎಂದು ಕೇಳಿದರು.

"ಹೇಳಲೇಬೇಕಿತ್ತು ಸರ್," ಎಂದೆ. ತಲೆ ತಗ್ಗಿಸಿದೆ. ವಿನಯ ಅಂದುಕೊಂಡರು.

ಎಲ್ಲ ಮುಗಿದು ಹೊರಗೆ ಬಂದಾಗ ಸರ್ ಜಗಲಿಯ ಕಂಬ ಹಿಡಿದು ನಿಂತಿದ್ದರು. ನನ್ನನ್ನು ಮೊದಲ ಸಲ ಡಾಕ್ಟರೇ ಎಂದು ಕರೆದರು. "ನನ್ನ ಕೈಯಾಗ ಇಷ್ಟು ಮಂದಿ ಕಲ್ತರು. ತನಗ ನುಕ್ಸಾನ ಆಗತೈತಿ ಅಂತ ಗೊತ್ತಿದ್ದೂ ಖರೇ ಹೇಳಿದಾಕಿ ನೀನೊಬ್ಬಾಕಿನ," ಎಂದರು. ಇಷ್ಟು ವರ್ಷ ನೀವು ಎನ್ನುತ್ತಿದ್ದವರು ಅಂದು ನೀನು ಎಂದಿದ್ದರು. ಸುತ್ತ ಯಾರೂ ಇರಲಿಲ್ಲ. ಶುಕ್ರವಾರವೇ ಗೊತ್ತಿತ್ತು ಸರ್ ಎಂದು ಹೇಳಲು ಅಷ್ಟು ಹೊತ್ತು ಸಾಕಿತ್ತು.

ನಾನು ಬಗ್ಗಿ ಅವರ ಕಾಲು ಮುಟ್ಟಿದೆ.